ಸ್ಪಷ್ಟನೆ: ಕಾಡಲ್ಲಿ ಮರ ಕಡೀತಿದ್ದವನೂ ಸೈನಿಕನೇ

ಸ್ಕಾಟ್ಲೆಂಡಿನ ವಾರ್ ಬ್ರೈಡ್ (ಯುದ್ಧದ ಟೈಮಲ್ಲಿ ಹೊರದೇಶದ ಸೈನಿಕನ್ನ ಮದ್ವೆಯಾದವರು) ಒಬ್ಬರ ಹಳೇ ಮದುವೆ ಫೋಟೋ ಹಾಕಿ 'ಗಂಡ ಕೆನಡಾ ಸೈನಿಕ ಅಂತ ಸುಳ್ಳು ಹೇಳಿ ಮದ್ವೆ ಆದ, ಅಸಲಿಗೆ ಮರ ಕಡಿಯೋ ಕೂಲಿ, ಪಾಪ ಅವಳ ತವರಿನವರು ಸಾಲ ಮಾಡಿ ಹಡಗಿನ ಟಿಕೆಟ್ ತೆಗೆದ್ರು' ಅಂತ ಒಂದು ಮೆಸೇಜ್ ಓಡಾಡ್ತಿದೆ. ಮರ ಕಡೀತಿದ್ದ ಅಂದ್ರೆ ಸೈನಿಕ ಅಲ್ಲ ಅನ್ನೋ ಲೆಕ್ಕಾನೇ ತಪ್ಪು ಕಣ್ರೀ.

ಕೆನಡಿಯನ್ ಫಾರೆಸ್ಟ್ರಿ ಕೋರ್ ಅನ್ನೋದು ಸೇನೆಯದ್ದೇ ವಿಭಾಗ, ಮೊದಲನೇ ಮಹಾಯುದ್ಧದಲ್ಲೂ ಇತ್ತು, ಎರಡನೇ ಮಹಾಯುದ್ಧಕ್ಕೆ 1940ರಲ್ಲಿ ಮತ್ತೆ ಶುರುವಾಗಿದ್ದು. ಯುದ್ಧದಲ್ಲಿ ಬ್ರಿಟನ್ನಿಗೆ ಹೊರಗಿಂದ ಮರ ತರಿಸೋದು ಕಷ್ಟ ಆಯ್ತು, ಗಣಿಗಳಿಗಂತೂ ಮರ ಬೇಕೇ ಬೇಕು, ಅದಕ್ಕೆ ಇವರನ್ನ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ಗೆ ಕಳ್ಸಿ ಕಾಡಲ್ಲೇ ಕ್ಯಾಂಪು, ಸಾಮಿಲ್ಲು ಹಾಕ್ಸಿದ್ರು. ಯೂನಿಫಾರ್ಮು, ರೈಫಲ್ ಟ್ರೈನಿಂಗು ಎಲ್ಲಾ ಇತ್ತು, 1944ರಲ್ಲಿ ಕೆಲವು ಕಂಪನಿಗಳು ಯುರೋಪಿಗೂ ಹೋದ್ವು. ಕ್ಯಾಂಪ್ ಪಕ್ಕದ ಊರುಗಳಲ್ಲಿ ಡ್ಯಾನ್ಸು, ಪರಿಚಯ, ಆಮೇಲೆ ಮದುವೆ, ಇದರಲ್ಲಿ ಮೋಸ ಎಲ್ಲಿಂದ ಬಂತು?

ಇನ್ನು ಟಿಕೆಟ್ ಸಾಲ. 1946ರಲ್ಲಿ ಸೈನಿಕರ ಹೆಂಡ್ತಿ ಮಕ್ಕಳನ್ನ ಕೆನಡಾ ಸರ್ಕಾರವೇ ತನ್ನ ಖರ್ಚಲ್ಲಿ ಕರೆಸ್ಕೊಳ್ತು. ಆ ಫೆಬ್ರವರಿಯಲ್ಲಿ ಮಾರಿಟೇನಿಯಾ ಹಡಗು ಅವರನ್ನ ಹತ್ತಿಸ್ಕೊಂಡು ಲಿವರ್‌ಪೂಲಿಂದ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಪಿಯರ್ 21 ಅನ್ನೋ ಹಡಗುಕಟ್ಟೆಗೆ ಬಂದಿದ್ದು ಹಾಗೇನೇ. ತಮ್ಮನೆ ಅಜ್ಜ ನಿಜವಾಗ್ಲೂ ಕೆನಡಾ ಸೈನಿಕನೇನಾ ಅಂತ ಡೌಟ್ ಇರೋರು ಫಾರ್ವರ್ಡ್ ಮಾಡೋ ಬದ್ಲು ಕೆನಡಾದ ರಾಷ್ಟ್ರೀಯ ದಾಖಲೆ ಸಂಗ್ರಹಕ್ಕೆ ಸರ್ವೀಸ್ ಫೈಲ್ (ಸೇನೆಯಲ್ಲಿ ಕೆಲಸ ಮಾಡಿದ ದಾಖಲೆ) ಕೇಳಿ ಒಂದು ಅರ್ಜಿ ಹಾಕ್ಲಿ.