ಮೂರರ ಮಗ್ಗಿ ಕಲಿತ ಕಾನೂನು

ಕ್ಯಾಲಿಫೋರ್ನಿಯದ ಶಾಸಕರು 1994ರಲ್ಲಿ ದಂಡನೀತಿಯ ಅಧ್ಯಯನಕ್ಕೆ ಗ್ರಂಥಾಲಯದ ಬದಲು ಬೇಸ್‌ಬಾಲ್ ಮೈದಾನಕ್ಕೆ ಹೋಗಿದ್ದರೆಂದು ಎಲ್ಲಿಯೂ ದಾಖಲಾಗಿಲ್ಲವಾದರೂ, ಅವರು ತಂದ ಕಾನೂನಿನ ತುಂಬ ಮೈದಾನದ ಧೂಳೇ ಕಾಣುತ್ತದೆ. ಆ ಆಟದಲ್ಲಿ ದಾಂಡಿಗ ಬೀಸಿಯೂ ಚೆಂಡು ತಪ್ಪಿಸಿಕೊಂಡರೆ ಅದು ಒಂದು 'ಸ್ಟ್ರೈಕ್'; ಮೂರು ಸ್ಟ್ರೈಕ್ ಆದರೆ ಆಟಗಾರ ಔಟ್. ಹಾಗೆಯೇ, ಗಂಭೀರ ಅಥವಾ ಹಿಂಸಾತ್ಮಕವೆಂದು ಪಟ್ಟಿಮಾಡಿದ ಅಪರಾಧಗಳಿಗಾಗಿ ಹಿಂದೆ ಎರಡು ಬಾರಿ ದೋಷಿಯಾದವನು ಮುಂದೆ ಯಾವುದೇ 'ಫೆಲನಿ' ದರ್ಜೆಯ, ಅಂದರೆ ರಾಜ್ಯದ ಸೆರೆಮನೆಗೆ ಕಳಿಸಬಹುದಾದ ದೊಡ್ಡ ದರ್ಜೆಯ, ಅಪರಾಧ ಮಾಡಿದರೂ ಅವನಿಗೆ ಜೀವಾವಧಿ ಸೆರೆ; ಕನಿಷ್ಠ 25 ವರ್ಷ ಕಳೆಯದೆ ಪೆರೋಲಿನ ಮಾತೆತ್ತುವಂತಿಲ್ಲ. ಮೊದಲೆರಡು ಅಪರಾಧಗಳು ಗಂಭೀರವಾಗಿರಬೇಕಿತ್ತು. ಮೂರನೆಯದಕ್ಕೆ ಆ ಕಟ್ಟುಪಾಡಿರಲಿಲ್ಲ. ಅದೇ ನವೆಂಬರಿನಲ್ಲಿ ಮತದಾರರೂ ಜನಮತಕ್ಕೆ ಬಂದ ಪ್ರಸ್ತಾವ 184ಕ್ಕೆ ಮತ ಹಾಕಿ ಇದಕ್ಕೆ ಮುದ್ರೆಯೊತ್ತಿದರು.

ಮರುವರ್ಷವೇ ಒಬ್ಬಾತ ಎರಡು ವಾರಗಳ ಅಂತರದಲ್ಲಿ ಎರಡು ಅಂಗಡಿಗಳಿಂದ ಒಟ್ಟು ಒಂಬತ್ತು ವೀಡಿಯೊ ಕ್ಯಾಸೆಟ್ ಕದ್ದ. ಬೆಲೆ ಸುಮಾರು 150 ಡಾಲರ್. ಅಂಗಡಿಗೆ 25ರಂತೆ ಕನಿಷ್ಠ 50 ವರ್ಷ ಒಳಗಿರಬೇಕೆಂದು ತೀರ್ಪಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದ ನಮ್ಮ ಹಿರಿಯರು ಮಾನದ ಲೆಕ್ಕವನ್ನಷ್ಟೇ ಹಿಡಿದಿದ್ದರು. ಆಯುಸ್ಸನ್ನೂ ಆ ಖಾತೆಗೆ ಸೇರಿಸಬಹುದೆಂಬುದು ಅವರಿಗೆ ಹೊಳೆದಿರಲಿಲ್ಲ.

ಇಷ್ಟು ಸಣ್ಣ ಕಳ್ಳತನ ಫೆಲನಿಯಾದದ್ದು ಹೇಗೆ ಎಂಬಲ್ಲಿ ಶಾಸಕರ ನಿಜವಾದ ಜಾಣ್ಮೆಯಿದೆ. ಸಣ್ಣ ಕಳ್ಳತನಕ್ಕೆ ಸಾಮಾನ್ಯವಾಗಿ ಹೆಚ್ಚೆಂದರೆ ಆರು ತಿಂಗಳ ಜೈಲು. ಆದರೆ ಕಳ್ಳತನ, ಕನ್ನ, ದರೋಡೆಯಂಥ ಅಪರಾಧಕ್ಕಾಗಿ ಹಿಂದೆ ಜೈಲು ಕಂಡವನು ಮತ್ತೆ ಕದ್ದರೆ ಅದನ್ನು ಫೆಲನಿಯಾಗಿ ಏರಿಸಲು ಅಲ್ಲಿನ ದಂಡಸಂಹಿತೆಯ 666ನೆಯ ಕಲಮು ಅವಕಾಶ ಕೊಟ್ಟಿತ್ತು. ಹಾಗೆ ಏರಿದ ಕೂಡಲೇ ಅದು ಮೂರನೆಯ ಸ್ಟ್ರೈಕ್. ಹೀಗಾಗಿ ಹಳೆಯ ಕನ್ನವೊಂದು ಕಳ್ಳತನದ ದರ್ಜೆಯನ್ನು ಏರಿಸುವುದಕ್ಕೂ ಬರುತ್ತಿತ್ತು, ಏರಿದ್ದಕ್ಕೆ ಜೀವಾವಧಿ ಕೊಡಿಸುವುದಕ್ಕೂ ಬರುತ್ತಿತ್ತು. ಕೊಲೆ ಮಾತ್ರ ಆ ಕಲಮಿನ ಪಟ್ಟಿಯಲ್ಲಿರಲಿಲ್ಲ. ಸೂಪರ್‌ಮಾರ್ಕೆಟಿನಲ್ಲಿ ಒಂದು ಬಾಟಲಿ ವಿಟಮಿನ್ ಮಾತ್ರೆ ಕದ್ದು ಇದೇ ಶಿಕ್ಷೆಗೆ ಗುರಿಯಾದವನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ 1999ರಲ್ಲಿ ಈ ವಿಚಿತ್ರವನ್ನು ಎತ್ತಿ ತೋರಿಸಿದರು. ಆದ್ದರಿಂದ ಆ ಕಾಲದ ಕ್ಯಾಲಿಫೋರ್ನಿಯದಲ್ಲಿ ಮಾತ್ರೆ ಎತ್ತಿಕೊಂಡು ಹೋಗುವ ಯೋಚನೆಯಿದ್ದವರು ಅದಕ್ಕೆ ಮೊದಲು ಕೊಲೆ ಮಾಡಿದ್ದರೆ ಕ್ಷೇಮ, ಕದ್ದಿದ್ದರೆ ಅಪಾಯ. ಇಂಥ ವೃತ್ತಿ ಮಾರ್ಗದರ್ಶನವನ್ನು ಯಾವ ಸರ್ಕಾರವೂ ಇಷ್ಟು ಸ್ಪಷ್ಟವಾಗಿ ಒದಗಿಸಿದಂತಿಲ್ಲ.

ತಲಾ 399 ಡಾಲರಿನ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನೊಳಗೆ ತುರುಕಿಕೊಂಡು ಕುಂಟುತ್ತ ಹೊರಟವನಿಗೂ ಕನಿಷ್ಠ 25 ವರ್ಷದ ಅದೇ ಜೀವಾವಧಿ ದೊರೆಯಿತು. ಅವನ ಮತ್ತು ಕ್ಯಾಸೆಟ್ಟಿನವನ ಅರ್ಜಿಗಳೆರಡೂ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2003ರ ಮಾರ್ಚಿನಲ್ಲಿ ಒಂದೇ ದಿನ, ಐದಕ್ಕೆ ನಾಲ್ಕರಂತೆ ಬಿದ್ದುಹೋದವು. ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯನ್ನು ಬಹುಮತಕ್ಕೆ ಅಲ್ಲಿ ಕಾಣಲಾಗಲಿಲ್ಲ. ಕೊರತೆಯಾದದ್ದು ಒಂದೇ ಮತ.

ಆಟದ ನಿಯಮವನ್ನಾದರೂ ಸರಿಯಾಗಿ ಎರವಲು ತಂದರೇ ಎಂದರೆ ಅದೂ ಇಲ್ಲ. ಕಾರನ್ನು ಬಲವಂತವಾಗಿ ಕಸಿದ ಒಂದೇ ಕೃತ್ಯ ದರೋಡೆಯೆಂದೊಮ್ಮೆ, ವಾಹನ ಅಪಹರಣವೆಂದೊಮ್ಮೆ ಎರಡು ಸ್ಟ್ರೈಕ್ ಆಗಿ ದಾಖಲಾಗುತ್ತಿತ್ತು. ಒಂದು ಬೀಸಿಗೆ ಒಂದೇ ಸ್ಟ್ರೈಕ್ ಎಂಬ ಈ ಗಹನವಾದ ತತ್ತ್ವವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸ್ಥಾಪಿಸಿದ್ದು 2014ರಲ್ಲಿ, ಕಾನೂನಿಗೆ ಇಪ್ಪತ್ತು ತುಂಬಿದ ಮೇಲೆ.

ಅದಕ್ಕೆ ಎರಡು ವರ್ಷ ಮೊದಲೇ ಮತದಾರರು ಪ್ರಸ್ತಾವ 36ರ ಮೂಲಕ, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಮೂರನೆಯ ಅಪರಾಧವೂ ಗಂಭೀರವಾಗಿರಬೇಕೆಂದು ಕಾನೂನನ್ನು ಸಡಿಲಿಸಿದ್ದರು. ಸರಿಯಾಗಿ ಹನ್ನೆರಡು ವರ್ಷಗಳ ಬಳಿಕ, 2024ರಲ್ಲಿ, ಕಳ್ಳತನದ ಶಿಕ್ಷೆಯನ್ನು ಮತ್ತೆ ಬಿಗಿಗೊಳಿಸಲು ಬಂದ ಪ್ರಸ್ತಾವದ ಸಂಖ್ಯೆಯೂ 36. ಮೂರು ಹನ್ನೆರಡಲ ಮೂವತ್ತಾರು, ಮಗ್ಗಿ ತಪ್ಪಿಲ್ಲ. ಎರಡು ಬಾರಿ ಕಳ್ಳತನಕ್ಕೆ ದೋಷಿಯಾದವನು ಮೂರನೆಯ ಬಾರಿ ಎಷ್ಟೇ ಅಗ್ಗದ ವಸ್ತುವನ್ನು ಕದ್ದರೂ ಅದನ್ನು ಫೆಲನಿಯಾಗಿಸಬಹುದೆಂದು ಅದು ಹೇಳುತ್ತದೆ, ಮತದಾರರು ಇದನ್ನೂ ಭಾರಿ ಬಹುಮತದಿಂದಲೇ ಅಂಗೀಕರಿಸಿದ್ದಾರೆ.