ಕೊಡೋ ಸೇರು, ಕೊಳ್ಳೋ ಸೇರು

ಹೋದ ಭಾನುವಾರ ಹಾಸನದಲ್ಲಿ, ಬಿ.ಎಂ. ರಸ್ತೆ ಪಕ್ಕದ ನಮ್ಮ ಸಮುದಾಯ ಭವನದಲ್ಲಿ ಸಭೆ ಇತ್ತು. ಯಾವ ಸಮುದಾಯ ಅಂತ ಕೇಳಬೇಡಿ. ನಿಮ್ಮದೇ ಅಂತ ಇಟ್ಟುಕೊಳ್ಳಿ, ಕಥೆ ಒಂದಕ್ಷರವೂ ಬದಲಾಗುವುದಿಲ್ಲ.

ಮೊದಲು ಖಂಡನಾ ನಿರ್ಣಯ. ಅಮೆರಿಕದಲ್ಲಿರುವ ನಮ್ಮವರ ಹುಡುಗನಿಗೆ ಅಂಗಡಿಯಲ್ಲಿ ಯಾರೋ "ನಿನ್ನ ದೇಶಕ್ಕೆ ಹೋಗು" ಅಂದರಂತೆ. "ಚರ್ಮದ ಬಣ್ಣ ನೋಡಿ ಮನುಷ್ಯನನ್ನು ಅಳೆಯೋದಾ? ಯಾವ ಕಾಲ ಸ್ವಾಮಿ ಇದು?" ಎಂದು ಕಾರ್ಯದರ್ಶಿಗಳು ಮೇಜು ಗುದ್ದಿದರು. ಲೋಟದ ಕಾಫಿ ತುಳುಕಿ ಸದಸ್ಯತ್ವದ ಅರ್ಜಿಗಳ ಮೇಲೆ ಬಿತ್ತು. ಎರಡನೇ ವಿಷಯ ಅವೇ.

ಮೇಲಿದ್ದದ್ದು ಒಬ್ಬ ಗ್ಯಾರೇಜ್ ಹುಡುಗನ ಅರ್ಜಿ. ತಾಯಿ ನಮ್ಮವರು, ತಂದೆ ಬೇರೆಯವರು. ತಂಗಿಗೆ ಸಂಘದ ಹಾಸ್ಟೆಲ್‌ನಲ್ಲಿ ಸೀಟು ಬೇಕಿತ್ತು. ಅಧ್ಯಕ್ಷರು ಕನ್ನಡಕ ಏರಿಸಿದರು. "ಬೈಲಾದಲ್ಲಿ ತಂದೆ ಕಡೆಯೇ ಲೆಕ್ಕ. ನಮ್ಮ ಕೈಯಲ್ಲಿ ಏನಿದೆ ಹೇಳಿ?" ಅರ್ಜಿ ನಾಲ್ಕು ಮಡಿಕೆಯಾಗಿ, ಅಲುಗಾಡುತ್ತಿದ್ದ ಬೆಂಚಿನ ಕಾಲಿನಡಿ ಸೇರಿತು.

ಅದರ ಕೆಳಗಿನದು ಕಂಟ್ರಾಕ್ಟರ್ ಒಬ್ಬರದು. ತಾಯಿ ನಮ್ಮವರು, ತಂದೆ ಬೇರೆಯವರು. ಊಟದ ಹಾಲ್‌ಗೆ ಗ್ರಾನೈಟ್ ಹಾಕಿಸಿಕೊಡುತ್ತೇನೆ ಅಂದಿದ್ದಾರೆ. "ಬೈಲಾ ಏನ್ರೀ ಬೈಲಾ, ಹೆತ್ತ ತಾಯಿಗಿಂತ ದೊಡ್ಡದಾ?" ಅನ್ನುವಾಗ ಅಧ್ಯಕ್ಷರ ಗಂಟಲು ಕಟ್ಟಿತು. ಚಪ್ಪಾಳೆ. ಉದ್ದಿನ ವಡೆಯ ತಟ್ಟೆ ಇನ್ನೊಂದು ಸುತ್ತು ಬಂತು.

ಸುಮ್ನೆ ನಮ್ಮವರನ್ನೇ ಬೈಯಬಾರದು. ಈ ವಿದ್ಯೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಮಗಿಂತ ಸೀನಿಯರ್. ಆಗ ಅಲ್ಲಿ ವಲಸೆ ಬಂದವರಿಗೆ ಪೌರತ್ವ ಬೇಕಾದರೆ ಬಿಳಿಯರಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. 1922ರ ನವೆಂಬರ್‌ನಲ್ಲಿ ತೀರ್ಪು ಬಂದದ್ದು ಜಪಾನಿನ ಟಕಾವೊ ಒಜಾವಾ ಅವರದು. 'ನಮ್ಮ ಚರ್ಮವೂ ಬೆಳ್ಳಗೇ ಇದೆ' ಎಂದು ವಾದಿಸಿದ್ದರು. ಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಅಂದರೆ ಕಕೇಷಿಯನ್ ಅಂತ ಆಗಿನ ಪುಸ್ತಕಗಳು ಕರೆಯುತ್ತಿದ್ದ ಕುಲದವರಾಗಿರಬೇಕು ಎಂದಿತು ಕೋರ್ಟು. ಮೂರೇ ತಿಂಗಳು. 1923ರ ಫೆಬ್ರವರಿಯಲ್ಲಿ ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್ ಸರದಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಕುಲಶಾಸ್ತ್ರದ ಪುಸ್ತಕಗಳ ಪ್ರಕಾರ ಕಕೇಷಿಯನ್ನರೇ. ಪುಸ್ತಕ ಅತ್ಲಾಗಿಡಿ, ಸಾಮಾನ್ಯ ಜನ ಯಾರನ್ನು ಬಿಳಿಯ ಅಂತಾರೋ ಅವನೇ ಬಿಳಿಯ ಎಂದಿತು ಅದೇ ಕೋರ್ಟು. ಎರಡೂ ತೀರ್ಪು ಬರೆದ ಕೈ ಒಂದೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲೆಂಡ್ ಅವರದು. ಹಾಸನದಲ್ಲಿ ಹುಟ್ಟಿದ್ದರೆ ನಮ್ಮ ಸಂಘಕ್ಕೆ ಗೌರವಾಧ್ಯಕ್ಷರಾಗುತ್ತಿದ್ದರು.

ಥಿಂಡ್ ಪರವಾಗಿ ಹೂಡಿದ ವಾದವನ್ನೂ ಕೇಳಿ. ಇವರು ಮೇಲ್ಜಾತಿಯ ಆರ್ಯರು, ಕೆಳಗಿನವರ ಜೊತೆ ರಕ್ತ ಬೆರೆಸಿದವರಲ್ಲ! ಪರರ ಬಾಗಿಲು ತಟ್ಟುವಾಗಲೂ ಹಿಂದೆ ನಿಂತವನನ್ನು ಮೊಣಕೈಯಲ್ಲಿ ತಿವಿಯೋದು ಬಿಡಲಿಲ್ಲ. ನಮ್ಮವರೇ ಅಲ್ವಾ.

ಮೂರನೇ ವಿಷಯ ಚುನಾವಣೆ. ನಮ್ಮವರಿಗೆ ಟಿಕೆಟ್ ಕೇಳಬೇಕು, ಅದಕ್ಕೆ ತಾಲ್ಲೂಕಿನಲ್ಲಿ ನಮ್ಮ ಓಟು ಎಷ್ಟು ಅಂತ ಪಟ್ಟಿ ಕೊಡಬೇಕು. ಮದುವೆ ಮಾತು ಬಂದರೆ ಹನ್ನೊಂದು ಒಳಪಂಗಡ ಎಣಿಸುವವರು, ಅವತ್ತು ಎಲ್ಲರನ್ನೂ ಒಂದೇ ಪುಟಕ್ಕೆ ತುಂಬಿದರು. ಆದರೂ ಪಟ್ಟಿ ತೆಳ್ಳಗೇ ಇತ್ತು.

"ಆ ಗ್ಯಾರೇಜ್ ಹುಡುಗ?" ಅಂದರು ಖಜಾಂಚಿ. "ಅವನ ಮನೇಲಿ ಆರು ಓಟಿವೆ."

"ಬರ್ಕೊಳ್ಳಿ, ಬರ್ಕೊಳ್ಳಿ. ತಾಯಿ ನಮ್ಮವರಲ್ವೇನ್ರೀ?" ಅಂದರು ಅಧ್ಯಕ್ಷರು.

"ಹಂಗಾದ್ರೆ ಹಾಸ್ಟೆಲ್ ಸೀಟು ಸಾರ್?" ಅಂದೆ ನಾನು.

"ನೀವೊಬ್ರು. ಓಟಿನ ಲೆಕ್ಕವೇ ಬೇರೆ, ಸೀಟಿನ ಲೆಕ್ಕವೇ ಬೇರೆ."

ವಿಳಾಸ ಬೇಕಲ್ಲ. ಬೆಂಚಿನಡಿಯಿಂದ ಅರ್ಜಿಯನ್ನು ಎಳೆದರು. ಬೆಂಚು ವಾಲಿತು, ಅಧ್ಯಕ್ಷರೂ ವಾಲಿದರು. ಕಾರ್ಯದರ್ಶಿಗಳು ಕೈಗೆ ಸಿಕ್ಕ ಹಾಳೆಯೊಂದನ್ನು ಗಬಕ್ಕನೆ ಮಡಚಿ ಕಾಲಿನಡಿ ತುರುಕಿದರು. ಬಗ್ಗಿ ನೋಡಿದೆ. ಅಮೆರಿಕಕ್ಕೆ ಹೋಗಬೇಕಿದ್ದ ಖಂಡನಾ ನಿರ್ಣಯ.