ಅಬೈಡೋಸ್ ದೇವಾಲಯದ ‘ಹೆಲಿಕಾಪ್ಟರ್’: ಸತ್ಯಾಂಶ

ಈಜಿಪ್ಟಿನ 3000 ವರ್ಷ ಹಳೆಯ ದೇವಾಲಯದ ತೊಲೆಯಲ್ಲಿ ಹೆಲಿಕಾಪ್ಟರ್ ಕೆತ್ತಿದ್ದಾರೆ ಎಂಬ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ದೇವಾಲಯ ನಿಜ, ಕೆತ್ತನೆಯೂ ನಿಜ. ಆದರೆ ಅದು ಹೆಲಿಕಾಪ್ಟರ್ ಅಲ್ಲ, ಬರವಣಿಗೆ.

ಅಬೈಡೋಸ್‌ನ ಈ ಸುಣ್ಣಕಲ್ಲಿನ ದೇವಾಲಯವನ್ನು ಕಟ್ಟಿಸಲು ತೊಡಗಿದ್ದು ಈಜಿಪ್ಟಿನ ದೊರೆ ಮೊದಲನೇ ಸೇಟಿ. ಕ್ರಿ.ಪೂ. 1279ರ ಸುಮಾರಿಗೆ ಅವನು ತೀರಿಕೊಂಡ ಮೇಲೆ ಮಗ ಎರಡನೇ ರಾಮ್ಸೆಸ್ ಕೆಲಸ ಮುಂದುವರಿಸಿದ. ತೊಲೆಯ ಮೇಲೆ ಮೊದಲು ಇದ್ದದ್ದು ಸೇಟಿಯ ಬಿರುದು: ‘ಒಂಬತ್ತು ಬಿಲ್ಲುಗಳನ್ನು ಹಿಮ್ಮೆಟ್ಟಿಸುವವನು’. ಒಂಬತ್ತು ಬಿಲ್ಲು ಅಂದರೆ ಈಜಿಪ್ಟಿನ ಶತ್ರುಗಳು. ಅದನ್ನು ಗಾರೆಯಿಂದ ಮುಚ್ಚಿ, ‘ಈಜಿಪ್ಟನ್ನು ಕಾಯುವವನು, ಪರದೇಶಗಳನ್ನು ಮಣಿಸುವವನು’ ಎಂಬ ರಾಮ್ಸೆಸ್‌ನ ಬಿರುದು ಕೊರೆದರು. ಕಾಲಾಂತರದಲ್ಲಿ ಗಾರೆ ಉದುರಿತು. ಎರಡೂ ಬಿರುದುಗಳ ಅಕ್ಷರಗಳು ಒಂದರೊಳಗೊಂದು ಬೆರೆತು ಕಾಣತೊಡಗಿದವು. ಆ ಗೆರೆಗಳಲ್ಲಿ ನಮಗೆ ಪರಿಚಿತವಾದ ಆಕಾರ ಕಾಣುವುದು ಸಹಜ, ನಂಬಿದವರನ್ನು ದೂರುವಂತಿಲ್ಲ.

ಪರೀಕ್ಷಿಸುವುದು ಕಷ್ಟವಲ್ಲ. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ತೊಲೆಯ ಪೂರ್ತಿ ಸಾಲು ಕಾಣುವ ಫೋಟೊ ಹುಡುಕಿ. ಅಕ್ಕಪಕ್ಕದಲ್ಲೆಲ್ಲ ಮಾಮೂಲಿ ಚಿತ್ರಲಿಪಿಯೇ ಇದೆ. ಫಾರ್ವರ್ಡ್ ಆಗುವ ಪ್ರತಿಗಳಲ್ಲಿ ಅದನ್ನು ಕತ್ತರಿಸಿರುತ್ತಾರೆ, ಕೆಲವು ಸಲ ಗೆರೆಗಳನ್ನು ತಿದ್ದಿಯೂ ಇರುತ್ತಾರೆ. ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ರಥ, ದೋಣಿಗಳನ್ನು ನೂರಾರು ಕಡೆ ಕೆತ್ತಿದ ಜನ, ಹಾರುವ ಯಂತ್ರವಿದ್ದಿದ್ದರೆ ಅದನ್ನು ಒಂದೇ ತೊಲೆಗೆ ಬಿಡುತ್ತಿದ್ದರೇ?

ಅದೇ ಹುಡುಕಾಟದಲ್ಲಿ ಒಳಗಿನ ಏಳು ಗರ್ಭಗುಡಿಗಳ ಚಿತ್ರಗಳನ್ನೂ ನೋಡಿ. ಸೇಟಿಯ ಕಾಲದ ತೆಳು ಉಬ್ಬುಕೆತ್ತನೆಯ ಮೇಲೆ ಬಣ್ಣ ಇನ್ನೂ ಉಳಿದಿದೆ.